ಹಳೆ ಸಣ್ಣ ಕಾರಿಗೆ ಯಾವ ಆಯಿಲ್, ಯಾವ ಕೂಲೆಂಟ್? ದಾವಣಗೆರೆ, ಚಿತ್ರದುರ್ಗದಲ್ಲಿ ಸಿಗುವ ಡಬ್ಬಿಗಳ ವಿಮರ್ಶೆ

ಕೆಎ-16, ಕೆಎ-17 ನಂಬರಿನ ಹಳೆ ಮಾರುತಿ 800, ಆಲ್ಟೊ, ಜೆನ್, ಓಮ್ನಿ, ಸ್ಯಾಂಟ್ರೊಗಳು ನಮ್ಮ ಕಡೆ ಇನ್ನೂ ಸಾಕಷ್ಟು ಓಡುತ್ತಿವೆ. 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಾಗಾಗಿ ಕಟ್ಟಕಡೆಗೆ ಹೊರಬಂದ 800ಕ್ಕೂ ಹತ್ತು ವರ್ಷ ದಾಟಿದೆ. ಇಂಥ ಗಾಡಿಗೆ ಆಯಿಲ್ ಬೇಕೆಂದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೋ ಅಂಗಡಿಗೆ ಹೋದರೆ ಎರಡು ಸಲಹೆ ಸಿಗುತ್ತವೆ. ಒಂದು, "ಹಳೆ ಗಾಡಿ ಅಲ್ವಾ, ದಪ್ಪ ಆಯಿಲ್ ಹಾಕಿ." ಇನ್ನೊಂದು, "ಫುಲ್ ಸಿಂಥೆಟಿಕ್ ಹಾಕಿಬಿಡಿ, ಹೊಸ ಗಾಡಿ ಥರ ಆಗುತ್ತೆ." ಎರಡೂ ಪೂರ್ತಿ ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ಸಲಹೆ ಎಂಜಿನ್ ಆಯಿಲ್ ಒಂದರ ಸುತ್ತಲೇ ತಿರುಗುತ್ತವೆ. ಹಳೆ ಸಣ್ಣ ಕಾರುಗಳು ಹಾಳಾಗುವುದು ಹೆಚ್ಚಾಗಿ ಕೂಲೆಂಟ್, ಬ್ರೇಕ್ ಆಯಿಲ್, ಗೇರ್ ಆಯಿಲ್‌ಗಳ ನಿರ್ಲಕ್ಷ್ಯದಿಂದ. ಎಂಜಿನ್ ಆಯಿಲ್‌ನಲ್ಲಿ ಸ್ವಲ್ಪ ದುಡ್ಡು ಉಳಿಸಿ ಈ ಮೂರಕ್ಕೆ ಹಾಕುವುದೇ ಸರಿಯಾದ ಖರ್ಚು ಎಂಬುದು ನಮ್ಮ ತೀರ್ಮಾನ. ಯಾಕೆ, ಯಾವ ಡಬ್ಬಿ, ಎಷ್ಟು ಲೀಟರ್ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಎಂಜಿನ್ ಆಯಿಲ್ ಡಬ್ಬಿಯ ಮೇಲಿನ ನಂಬರು. 15ಡಬ್ಲ್ಯು-40 ಎಂದಿದ್ದರೆ ಮೊದಲ ಭಾಗ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಕೊನೆಯ ಭಾಗ ಎಂಜಿನ್ ಪೂರ್ತಿ ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದಕ್ಕೆ. 20ಡಬ್ಲ್ಯು ಆಯಿಲ್‌ನ ಚಳಿ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 15ಡಬ್ಲ್ಯು ಆದರೆ 20 ಡಿಗ್ರಿ ಕೆಳಗೆ. ನಮ್ಮಲ್ಲಿ ಜನವರಿಯ ಬೆಳಗಿನ ಜಾವವೂ ಹದಿನಾಲ್ಕು, ಹದಿನೈದು ಡಿಗ್ರಿಯ ಆಸುಪಾಸು ಇರುತ್ತದೆ. ಆದ್ದರಿಂದ ಸ್ಟಾರ್ಟ್ ಆಗುವುದಕ್ಕೆಂದೇ 5ಡಬ್ಲ್ಯು, 0ಡಬ್ಲ್ಯು ಆಯಿಲ್ ಕೊಳ್ಳುವ ಅಗತ್ಯ ಇಲ್ಲಿ ಇಲ್ಲ. ಹಾಗೆಂದು ಕೊನೆಯ ನಂಬರನ್ನು ಮನಸ್ಸಿಗೆ ಬಂದಂತೆ ಏರಿಸುತ್ತ ಹೋಗುವಂತೆಯೂ ಇಲ್ಲ. ನೂರು ಡಿಗ್ರಿ ಬಿಸಿಯಲ್ಲಿ 30 ಗ್ರೇಡಿನ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ), 40 ಗ್ರೇಡಿನದು 12.5ರಿಂದ 16.3, 50 ಗ್ರೇಡಿನದು 16.3ರಿಂದ 21.9. ಅಂದರೆ 50 ಗ್ರೇಡಿನ ಆಯಿಲ್‌ನ ದಪ್ಪ 30ರದಕ್ಕೆ ಹೋಲಿಸಿದರೆ ಹೆಚ್ಚೂಕಡಿಮೆ ಒಂದೂ ಮುಕ್ಕಾಲು ಪಟ್ಟು. ಸಣ್ಣ ಎಂಜಿನ್ನಿನ ಸಣ್ಣ ಪಂಪು ಇಷ್ಟು ದಪ್ಪ ಆಯಿಲ್ಲನ್ನು ಬೆಳಿಗ್ಗೆ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಏರಿಸಲು ತಡ ಮಾಡುತ್ತದೆ. ಎಂಜಿನ್ ಸವೆಯುವುದು ಹೆಚ್ಚಾಗಿ ಆ ಮೊದಲ ಕ್ಷಣಗಳಲ್ಲೇ.

ಹಾಗಾದರೆ ಯಾವುದು? ಕಾರ್ಬುರೇಟರ್ ಇರುವ 800, ಹಳೆ ಜೆನ್, ಓಮ್ನಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಮಿನರಲ್ (ಸಿಂಥೆಟಿಕ್ ಅಲ್ಲದ ಸಾಧಾರಣ) ಆಯಿಲ್ ಸಾಕು, ಅದೇ ಒಳ್ಳೆಯದು. ಎರಡೂ ಸಿಕ್ಕರೆ 15ಡಬ್ಲ್ಯು-40 ತೆಗೆದುಕೊಳ್ಳಿ. ಬಿಸಿಯಾದ ಮೇಲೆ ಎರಡೂ ಒಂದೇ ದಪ್ಪ, ಬೆಳಗಿನ ಸ್ಟಾರ್ಟಿಂಗ್‌ನಲ್ಲಿ 15ಡಬ್ಲ್ಯು ಬೇಗ ಮೇಲೇರುತ್ತದೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊಗಳು ಲಕ್ಷ ಕಿಲೋಮೀಟರ್‌ನೊಳಗೆ ಇದ್ದು ಆಯಿಲ್ ಕುಡಿಯದಿದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಅದು 10ಡಬ್ಲ್ಯು-30 ಅಥವಾ 5ಡಬ್ಲ್ಯು-30 ಇದ್ದರೆ ಹೆದರುವುದು ಬೇಡ. ಒಂದೂವರೆ ಲಕ್ಷ ದಾಟಿ, ಏಪ್ರಿಲ್ ಬಿಸಿಲಲ್ಲಿ ಹೈವೇ ಓಡಿಸಿ ಇಳಿಸಿದಾಗ ಐಡಲಿಂಗ್‌ನಲ್ಲಿ ಆಯಿಲ್ ಲೈಟು ಮಿಣುಕುತ್ತಿದ್ದರೆ ಒಂದು ಹೆಜ್ಜೆ ಮೇಲಕ್ಕೆ, 40 ಗ್ರೇಡಿಗೆ ಹೋಗಬಹುದು. ಆದರೆ ಅದಕ್ಕೂ ಮೊದಲು ಆ ಲೈಟು ಹೊತ್ತಿಸುವ ಪ್ರೆಷರ್ ಸ್ವಿಚ್ಚನ್ನು ಬದಲಿಸಿ ನೋಡಿ. ಸ್ವಿಚ್ಚು ಕೆಟ್ಟೂ ಹಾಗೆ ಆಗುತ್ತದೆ.

20ಡಬ್ಲ್ಯು-50 ಯಾವಾಗ? ಎಂಜಿನ್ ಆಯಿಲ್ ಸುಡುತ್ತಿದೆ, ಸಿಲಿಂಡರ್ ಬೋರ್ ಕೆಲಸ ಮಾಡಿಸುವ ತನಕ ಕೆಲವು ತಿಂಗಳು ದೂಡಬೇಕು ಎಂಬಾಗ ಮಾತ್ರ. ಅದು ರಿಪೇರಿಯಲ್ಲ, ಮುಂದೂಡಿಕೆ. ಹೊಗೆ ನೋಡಿ ಕಾರಣ ಹೇಳಬಹುದು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಒಂದು ಸಲ ನೀಲಿ ಹೊಗೆ ಬಿಟ್ಟು ಸರಿಹೋದರೆ ವಾಲ್ವ್ ಸೀಲ್ ಗಟ್ಟಿಯಾಗಿವೆ. ಅದು ಚಿಕ್ಕ ಕೆಲಸ, ಎಂಜಿನ್ ಇಳಿಸಬೇಕಿಲ್ಲ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹಿಂದೆ ನೀಲಿ ಹೊಗೆ ಬಂದರೆ ರಿಂಗ್ ಸವೆದಿವೆ, ಅದಕ್ಕೆ ಯಾವ ಡಬ್ಬಿಯಲ್ಲೂ ಔಷಧಿ ಇಲ್ಲ. ವಾಲ್ವ್ ಮೇಲಿನ ಟ್ಯಾಪೆಟ್‌ನ ಟಕಟಕ ಸದ್ದಿಗೂ ದಪ್ಪ ಆಯಿಲ್ ಹಾಕಿಸುವ ರೂಢಿ ಇದೆ. 800ರಲ್ಲಿ ಟ್ಯಾಪೆಟ್ ಗ್ಯಾಪನ್ನು ಸ್ಕ್ರೂ ತಿರುಗಿಸಿಯೇ ಹೊಂದಿಸಬೇಕು. ಫೀಲರ್ ಗೇಜ್ ಇಟ್ಟುಕೊಂಡು ಮಾಡುವ ಅರ್ಧ ಗಂಟೆಯ ಕೆಲಸವನ್ನು ಆಯಿಲ್ ಮಾಡಿಕೊಡುವುದಿಲ್ಲ.

ಗ್ರೇಡ್ ಆಯಿತು, ಇನ್ನು ಡಬ್ಬಿಯ ಹಿಂಬದಿಯ ಎಪಿಐ ಗುರುತು, ಅಂದರೆ ಆಯಿಲ್‌ನ ಗುಣಮಟ್ಟ ಹೇಳುವ ಅಕ್ಷರಗಳು. ಪೆಟ್ರೋಲ್ ಎಂಜಿನ್‌ಗೆ ಅದು ಎಸ್ ಅಕ್ಷರದಿಂದ ಶುರುವಾಗುತ್ತದೆ: ಎಸ್‌ಎಲ್ 2001ರದು, ಎಸ್‌ಎಮ್ 2004ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಹೊಸ ಗುರುತಿನ ಆಯಿಲ್ ಹಳೆ ಗಾಡಿಗೂ ನಡೆಯುತ್ತದೆ. ಹಳೆ ಎಂಜಿನ್‌ಗೆ ಹೊಸ ಆಯಿಲ್‌ನಲ್ಲಿ ಸತು ಮತ್ತು ರಂಜಕ ಕಮ್ಮಿ, ಅದರಿಂದ ಕ್ಯಾಮ್ ಸವೆಯುತ್ತದೆ ಎಂಬ ಮಾತು ಕೇಳಿಬರುತ್ತದೆ. ರಂಜಕಕ್ಕೆ ಮೇಲಿನ ಮಿತಿ ಹಾಕಿರುವುದು 30 ಮತ್ತು ಅದಕ್ಕಿಂತ ತೆಳು ಗ್ರೇಡುಗಳಿಗೆ. 15ಡಬ್ಲ್ಯು-40, 20ಡಬ್ಲ್ಯು-50ಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ 40 ಗ್ರೇಡ್ ಹಾಕುವವರಿಗೆ ಆ ಚಿಂತೆ ಬೇಡ. ಎಸ್‌ಎಲ್ ಇದ್ದರೂ ಸಾಕು, ಎಸ್‌ಎನ್ ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಜಿಲ್ಲೆಗಳಲ್ಲಿ ಟ್ರ್ಯಾಕ್ಟರ್ ಹೆಚ್ಚು, ಆದ್ದರಿಂದ ಹಳ್ಳಿಯ ಅಂಗಡಿಗಳಲ್ಲಿ ಡೀಸೆಲ್ ಎಂಜಿನ್‌ನ 15ಡಬ್ಲ್ಯು-40 ಬಕೆಟ್ಟೇ ಮೊದಲು ಕೈಗೆ ಬರುತ್ತದೆ. ಮನೆಯಲ್ಲಿ ಟ್ರ್ಯಾಕ್ಟರ್‌ಗೆ ತಂದ ಆಯಿಲ್ಲನ್ನೇ ಕಾರಿಗೂ ಹಾಕಬಹುದೇ ಎಂಬ ಪ್ರಶ್ನೆ ಜಗಳೂರು, ಚಳ್ಳಕೆರೆ ಕಡೆಯವರು ಕೇಳುವಂಥದ್ದೇ. ಬಕೆಟ್ಟಿನ ಮೇಲೆ ಸಿಐ-4 ಎಂಬ ಡೀಸೆಲ್ ಗುರುತಿನ ಜೊತೆಗೆ ಎಸ್‌ಎಲ್ ಎಂದೂ ಬರೆದಿದ್ದರೆ ತುರ್ತಿಗೆ ಹಾಕಬಹುದು. ಸಿ ಅಕ್ಷರದ ಗುರುತು ಮಾತ್ರ ಇದ್ದರೆ ಬೇಡ. ಆಯಿಲ್ ಸುಡುವ ಎಂಜಿನ್‌ಗಂತೂ ಬೇಡವೇ ಬೇಡ, ಏಕೆಂದರೆ ಡೀಸೆಲ್ ಆಯಿಲ್‌ನಲ್ಲಿ ಸುಟ್ಟ ಮೇಲೆ ಉಳಿಯುವ ಬೂದಿ ಜಾಸ್ತಿ. ಅದು ಪ್ಲಗ್ಗಿನ ತುದಿಗೂ ವಾಲ್ವ್ ಮೇಲೂ ಕೂರುತ್ತದೆ. ಬೈಕಿನ 4ಟಿ 20ಡಬ್ಲ್ಯು-40 ಆಯಿಲ್ ಬಗ್ಗೆಯೂ ಇದೇ ಪ್ರಶ್ನೆ. ಎಸ್‌ಎಲ್ ಅಥವಾ ಮೇಲಿನ ಗುರುತಿದ್ದರೆ ದಾರಿಯಲ್ಲಿ ಅರ್ಧ ಲೀಟರ್ ಟಾಪ್‌ಅಪ್‌ಗೆ ಯಾವ ತೊಂದರೆಯೂ ಇಲ್ಲ. ಆದರೆ ಆಯಿಲ್‌ನಲ್ಲಿ ಮುಳುಗಿದ ಬೈಕ್ ಕ್ಲಚ್ಚು ಜಾರದಿರಲೆಂದು ಮಾಡಿದ ಹದ ಅದು, ಕಾರಿಗೆ ಅದರ ಪ್ರಯೋಜನವಿಲ್ಲ. ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಮಾತ್ರ ಹನಿಯೂ ಹೋಗಬಾರದು.

ಬ್ರ್ಯಾಂಡ್ ವಿಷಯಕ್ಕೆ ಬಂದರೆ, ಹಳೆ ಕಾರಿಗೆ ನಮ್ಮ ಮೊದಲ ಆಯ್ಕೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಸರ್ವೋ, ಎಚ್‌ಪಿ, ಮ್ಯಾಕ್‌ಗಳ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಕಾರ್ ಆಯಿಲ್. ಇಂಡಿಯನ್ ಆಯಿಲ್, ಎಚ್‌ಪಿಸಿಎಲ್, ಬಿಪಿಸಿಎಲ್ ತಮ್ಮದೇ ಬಂಕಿಗೆ ತಾವೇ ಕಳಿಸುವ ಮಾಲು ಆದ್ದರಿಂದ ನಕಲಿಯ ಭಯ ಕಡಿಮೆ. ಶೆಲ್ ಹೀಲಿಕ್ಸ್ ಎಚ್‌ಎಕ್ಸ್5, ಕ್ಯಾಸ್ಟ್ರಾಲ್ ಜಿಟಿಎಕ್ಸ್‌ನಂಥವೂ ಒಳ್ಳೆಯವೇ. ಗ್ರೇಡ್ ಮತ್ತು ಗುರುತು ಹೊಂದಿದರೆ ಕೊಳ್ಳಿ. ಮಾರುತಿ ಗಾಡಿಗೆ ಕಂಪನಿಯ ಹೆಸರಿನ ಆಯಿಲ್ ಬೇಕೆನ್ನುವವರು ಅಧಿಕೃತ ಪಾರ್ಟ್ಸ್ ಅಂಗಡಿಯಲ್ಲೇ ಕೊಳ್ಳುವುದು ಕ್ಷೇಮ. ಫುಲ್ ಸಿಂಥೆಟಿಕ್‌ಗೆ ಮಿನರಲ್‌ನ ಹೆಚ್ಚೂಕಡಿಮೆ ಎರಡರಷ್ಟು ಕೊಡಬೇಕು. ಅದು ಕೆಟ್ಟದ್ದಲ್ಲ, ಹಳೆ ಎಂಜಿನ್ನಿನ ಸೀಲನ್ನು ಅದೇ ತಿಂದುಹಾಕುತ್ತದೆ ಎಂಬುದೂ ನಿಜವಲ್ಲ. ವರ್ಷಗಟ್ಟಲೆ ಗಸಿ ಕಟ್ಟಿದ ಎಂಜಿನ್‌ಗೆ ಹಾಕಿದಾಗ ಬಿರುಕುಗಳನ್ನು ಮುಚ್ಚಿದ್ದ ಗಸಿ ತೊಳೆದುಹೋಗಿ, ಮೊದಲೇ ಸೋತಿದ್ದ ಸೀಲು ಹೊರಗೆ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಆದರೆ ಸಿಂಥೆಟಿಕ್‌ನ ಲಾಭ ಇರುವುದು ಹೆಚ್ಚು ದೂರ ಬಾಳುವುದರಲ್ಲಿ, ಕಡು ಚಳಿಯಲ್ಲಿ ಹರಿಯುವುದರಲ್ಲಿ. ಧೂಳಿನ ರಸ್ತೆಯಲ್ಲಿ ಓಡುವ ಹಳೆ ಗಾಡಿಗೆ ಹೇಗೂ 5,000 ಕಿಲೋಮೀಟರ್‌ಗೆ ಆಯಿಲ್ ಚೆಲ್ಲಬೇಕಾದಾಗ ಆ ಲಾಭ ಕೈಗೆ ಬರುವುದೇ ಇಲ್ಲ.

ಧೂಳು ಎಂದದ್ದು ಸುಮ್ಮನೆ ಅಲ್ಲ. ಮೆಕ್ಕೆಜೋಳದ ಹಂಗಾಮಿನಲ್ಲಿ ರಸ್ತೆಯ ಮೇಲೇ ಒಕ್ಕಣೆ ಮಾಡುವ ಊರುಗಳು, ಭೀಮಸಮುದ್ರದ ಕಡೆಯ ಅದಿರು ಲಾರಿ ಓಡುವ ದಾರಿಗಳು, ಇವುಗಳಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಧೂಳು ನೇರ ಬೋರಿಗೆ ಹೋಗಿ, ಅಲ್ಲಿಂದ ಆಯಿಲ್‌ಗೆ ಇಳಿದು, ಬೇರಿಂಗ್‌ಗಳನ್ನು ತಿಕ್ಕುತ್ತದೆ. ಆಯಿಲ್ ಬದಲಿಸುವ ಪ್ರತಿ ಸಲವೂ ಏರ್ ಫಿಲ್ಟರ್ ಡಬ್ಬಿಯ ಒಳಗಂಚನ್ನು ಬೆರಳಿನಿಂದ ಒರೆಸಿ ನೋಡಿ. ಫಿಲ್ಟರ್ ದಾಟಿದ ಬದಿಯಲ್ಲಿ ಧೂಳು ಸಿಕ್ಕರೆ ಯಾವ ದುಬಾರಿ ಆಯಿಲ್ಲೂ ಕಾಪಾಡುವುದಿಲ್ಲ. ಗಾಡಿ ಓಡದೆ ಮನೆ ಮುಂದೆ ನಿಂತೇ ಇದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಾಗಬೇಕು. ಸ್ವಲ್ಪ ದೂರ ಓಡಿ ನಿಲ್ಲುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗದೆ ನೀರಿನ ಪಸೆ, ಪೆಟ್ರೋಲು ಆಯಿಲ್‌ನಲ್ಲೇ ಉಳಿದುಬಿಡುತ್ತವೆ. ಎಲ್‌ಪಿಜಿ ಗಾಡಿಯವರಿಗೆ ಒಂದು ಎಚ್ಚರಿಕೆ: ಗ್ಯಾಸಿನಲ್ಲಿ ಓಡಿದ ಆಯಿಲ್ ಬೇಗ ಕಪ್ಪಾಗುವುದಿಲ್ಲ, ಬಣ್ಣ ನೋಡಿ "ಇನ್ನೂ ಚೆನ್ನಾಗಿದೆ" ಎಂದು ಬಿಡಬೇಡಿ. ಬಿಸಿಯಲ್ಲಿ ಬೆಂದು ಅದರ ಸತ್ವ ಹೋಗಿರುತ್ತದೆ. ಕಿಲೋಮೀಟರ್ ಲೆಕ್ಕವನ್ನೇ ಹಿಡಿಯಿರಿ.

ಅಳತೆ. 800, ಆಲ್ಟೊಗೆ ಫಿಲ್ಟರ್ ಸೇರಿ ಎರಡೂವರೆಯಿಂದ ಮೂರು ಲೀಟರ್‌ನೊಳಗೆ ಮುಗಿಯುತ್ತದೆ, ಮೂರು ಲೀಟರ್ ಡಬ್ಬಿಯಲ್ಲಿ ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದನ್ನು "ಇರಲಿ ಬಿಡಿ" ಎಂದು ಸುರಿಸಬೇಡಿ. ಮಟ್ಟ ಮೀರಿದರೆ ಕ್ರ್ಯಾಂಕ್ ಆಯಿಲ್‌ನಲ್ಲಿ ಹೊಡೆದು ನೊರೆ ಎಬ್ಬಿಸುತ್ತದೆ. ನೊರೆಯನ್ನು ಪಂಪು ಸರಿಯಾಗಿ ಎತ್ತಲಾರದು, ಒತ್ತಡ ಹೆಚ್ಚಿ ಸೀಲುಗಳಲ್ಲಿ ಜಿನುಗು ಶುರುವಾಗುತ್ತದೆ.

ಕೆಲಸ ಮಾಡುವ ಕ್ರಮ ಹೀಗೆ. ಎಂಜಿನ್ ಐದು, ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೇಲಿನ ಫಿಲ್ಲರ್ ಮುಚ್ಚಳ ತೆಗೆದಿಡಿ. ಚೇಂಬರ್‌ನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಜಾಗ) ಡ್ರೈನ್ ಬೋಲ್ಟ್ ಮಾರುತಿಯಲ್ಲಿ 17 ನಂಬರು. ಓಪನ್ ಸ್ಪ್ಯಾನರ್ ಹಾಕಿ ತಲೆ ಉರುಟಿಸಬೇಡಿ, ಸಾಕೆಟ್ಟೋ ರಿಂಗ್ ಸ್ಪ್ಯಾನರ್ರೋ ಇರಲಿ. ಹನಿ ಹನಿಯಾಗಿ ಬೀಳುವ ತನಕ ಕಾಲು ಗಂಟೆ ಬಿಡಿ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಕೆಲವೇ ರೂಪಾಯಿಯ ಆ ವಾಷರ್ ಬದಲಿಸದೆ, ಜಿನುಗುತ್ತದೆಂದು ಬೋಲ್ಟನ್ನು ಇನ್ನಷ್ಟು ಬಿಗಿದು ಚೇಂಬರ್ ಥ್ರೆಡ್ ಹರಿದುಕೊಂಡ ಗಾಡಿಗಳು ಬೇಕಾದಷ್ಟಿವೆ. ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಹಳೆ ಫಿಲ್ಟರಿನ ರಬ್ಬರ್ ಎಂಜಿನ್‌ಗೇ ಅಂಟಿಕೊಂಡಿದೆಯೇ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಹೈವೇಯಲ್ಲಿ ಪೂರ್ತಿ ಆಯಿಲ್ ಒಂದೇ ಸಲ ಹೊರಗೆ ಹೋಗುತ್ತದೆ. ಮೊದಲು ಎರಡೂವರೆ ಲೀಟರ್ ಹಾಕಿ, ಸ್ಟಾರ್ಟ್ ಮಾಡಿ, ಲೈಟ್ ಆರಿದ ಮೇಲೆ ಒಂದು ನಿಮಿಷ ಬಿಟ್ಟು ನಿಲ್ಲಿಸಿ. ಐದು ನಿಮಿಷ ಕಳೆದು ಡಿಪ್‌ಸ್ಟಿಕ್ ನೋಡುತ್ತ, ನೂರು ಮಿಲಿಲೀಟರಿನಂತೆ ಮೇಲಿನ ಗುರುತಿಗೆ ತನ್ನಿ. ಪ್ರತಿ ದಿನ ಬೆಳಿಗ್ಗೆ ಸ್ಟಾರ್ಟಿಂಗ್‌ನಲ್ಲಿ ಲೈಟು ಮೂರ್ನಾಲ್ಕು ಸೆಕೆಂಡ್ ಆರದೇ ಇದ್ದರೆ ಫಿಲ್ಟರ್ ಒಳಗಿನ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಕೆಲಸ ಮಾಡುತ್ತಿಲ್ಲ. ಅಗ್ಗದ ಫಿಲ್ಟರ್‌ಗಳಲ್ಲಿ ಕಾಣುವ ದೋಷ ಇದೇ. ಆಯಿಲ್‌ನಲ್ಲಿ ಉಳಿಸಿ, ಫಿಲ್ಟರ್‌ನಲ್ಲಿ ಉಳಿಸಬೇಡಿ.

ಕಾರ್ಬುರೇಟರ್ 800 ಇಟ್ಟುಕೊಂಡವರು ಡಿಪ್‌ಸ್ಟಿಕ್ ನೋಡುವಾಗ ಮೂಸಿಯೂ ನೋಡಬೇಕು. ಅದರ ಪೆಟ್ರೋಲ್ ಪಂಪು ಕ್ಯಾಮ್‌ಶಾಫ್ಟ್‌ನಿಂದ ನಡೆಯುವಂಥದ್ದು. ಒಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲು ಚೇಂಬರಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ, ಪೆಟ್ರೋಲ್ ವಾಸನೆ ಇದೆ ಎಂದರೆ ಗಾಡಿ ಓಡಿಸಬೇಡಿ. ಪಂಪು ಬದಲಿಸಿ, ಆಯಿಲ್, ಫಿಲ್ಟರ್ ಎರಡನ್ನೂ ಹೊಸದು ಹಾಕಿಸಿ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಬಹಳ ದಿನ ಬದುಕುವುದಿಲ್ಲ, ಬೆಂಕಿಯ ಅಪಾಯವೂ ಇದೆ.

ಫ್ಲಶಿಂಗ್ ಡಬ್ಬಿ, ಆಯಿಲ್‌ಗೆ ಬೆರೆಸುವ ಟಾನಿಕ್ ಡಬ್ಬಿಗಳು ಅಂಗಡಿಯ ಮುಂದಿನ ಸಾಲಲ್ಲೇ ಇರುತ್ತವೆ. ಎರಡೂ ಬೇಡ. ಸೀಮೆಎಣ್ಣೆ, ಡೀಸೆಲ್ ಹಾಕಿ ಎಂಜಿನ್ ತೊಳೆಯುವುದಂತೂ ತಪ್ಪೇ. ಒಂದೇ ಸಲ ಕಳಚಿದ ಗಸಿ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಗಸಿ ಕಟ್ಟಿದ ಎಂಜಿನ್‌ಗೆ ಒಳ್ಳೆಯ ದಾರಿಯೆಂದರೆ ಸಾಧಾರಣ ಬೆಲೆಯ ಎಸ್‌ಎನ್ ಆಯಿಲ್ ಹಾಕಿ 1,500, 2,000 ಕಿಲೋಮೀಟರ್‌ಗೇ ಎರಡು ಸಲ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು. ಆಯಿಲ್‌ನಲ್ಲಿರುವ ತೊಳೆಯುವ ಗುಣವೇ ನಿಧಾನವಾಗಿ ಕೆಲಸ ಮಾಡುತ್ತದೆ.

ಈಗ ಕೂಲೆಂಟ್. ನಮ್ಮ ಎರಡು ಜಿಲ್ಲೆಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ, ಇದಕ್ಕೆ ಸಿಗುವ ಗಮನ ಮಾತ್ರ ಎಲ್ಲಕ್ಕಿಂತ ಕಡಿಮೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಸೀಮೆಯ ಬೋರ್ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ರೇಡಿಯೇಟರ್‌ಗೆ ಅದೇ ನೀರು ಹಾಕಿದರೆ ಎಂಜಿನ್ ಒಳಗೆ ನಡೆಯುವುದೂ ಅದೇ. ನೀರಿನಲ್ಲಿ ಕರಗಿದ ಸುಣ್ಣದ ಅಂಶ ಬಿಸಿಗೆ ಬೇರೆಯಾಗಿ, ಎಲ್ಲಿ ಶಾಖ ಹೆಚ್ಚೋ ಅಲ್ಲೇ, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ ಎಗ್ಸಾಸ್ಟ್ ವಾಲ್ವ್ ಸುತ್ತ, ಮೊದಲು ಕೂರುತ್ತದೆ. ಆ ಪದರ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ಹೆಡ್ಡು ಅಲ್ಯೂಮಿನಿಯಂ; ಮೇರೆ ಮೀರಿ ಬಿಸಿಯಾದರೆ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಆಗ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆ ಕಾಣುತ್ತದೆ. ಆಮೇಲಿನ ಬಿಲ್ಲಿನಲ್ಲಿ ಎಷ್ಟೋ ವರ್ಷದ ಕೂಲೆಂಟ್ ಬಂದುಬಿಡುತ್ತಿತ್ತು.

"ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ?" ಎಂಬ ಮಾತು ಗ್ಯಾರೇಜುಗಳಲ್ಲೂ ಕೇಳುತ್ತದೆ. ಕೂಲೆಂಟ್‌ನ ಗ್ಲೈಕಾಲ್ ಹಿಮಗಟ್ಟುವುದನ್ನು ತಡೆಯುವುದರ ಜೊತೆಗೆ ಕುದಿಯುವ ಬಿಂದುವನ್ನೂ ಏರಿಸುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ರೇಡಿಯೇಟರ್ ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಅದಕ್ಕಿಂತ ಮುಖ್ಯ, ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳು ಮತ್ತು ವಾಟರ್ ಪಂಪಿನ ಸೀಲಿಗೆ ಸಿಗುವ ಜಾರುಗುಣ. ನಮ್ಮ ಹವೆಗೆ 30 ಭಾಗ ಕೂಲೆಂಟ್, 70 ಭಾಗ ನೀರು ಸಾಕು. 800ಕ್ಕೆ ಒಟ್ಟು ಮೂರೂವರೆ ಲೀಟರ್ ಆಸುಪಾಸು ಹಿಡಿಯುತ್ತದೆ. ಒಂದು ಲೀಟರ್ ಗಟ್ಟಿ ಕೂಲೆಂಟ್ ಮತ್ತು ಐದು ಲೀಟರಿನ ಬ್ಯಾಟರಿ ನೀರಿನ ಕ್ಯಾನ್ ತಂದರೆ ತೊಳೆಯುವುದಕ್ಕೂ ಸ್ವಲ್ಪ ಉಳಿಯುತ್ತದೆ. ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಆಗಿರಲೇಬೇಕು. ಬಾಟಲಿಯ ಕುಡಿಯುವ ನೀರಿಗೆ ರುಚಿಗೆಂದು ಲವಣ ಸೇರಿಸಿರುತ್ತಾರೆ, ಅದು ಆಗುವುದಿಲ್ಲ. ಗಡಸು ನೀರಿನಲ್ಲಿ ಬೆರೆಸಿದರೆ ಕೂಲೆಂಟ್‌ನ ರಾಸಾಯನಿಕಗಳೇ ಸುಣ್ಣದ ಜೊತೆ ಸೇರಿ ಕೆಸರಾಗುತ್ತವೆ. ಬೆರೆಸುವ ತಾಪತ್ರಯ ಬೇಡವಾದರೆ ರೆಡಿಮಿಕ್ಸ್ ಕೊಳ್ಳಿ. ಬೆಲೆ ಸ್ವಲ್ಪ ಹೆಚ್ಚಾದರೂ ಬೋರ್ ನೀರಿನ ಊರಲ್ಲಿ ಅದೇ ಒಳ್ಳೆಯ ವ್ಯವಹಾರ. ರೆಡಿಮಿಕ್ಸ್‌ಗೆ ಮತ್ತೆ ನೀರು ಸೇರಿಸಬೇಡಿ. ಡಬ್ಬಿ ಯಾವುದೆಂದು ಓದಿ ನೋಡಿ, ಎರಡೂ ಒಂದೇ ಥರ ಕಾಣುತ್ತವೆ.

ಹಸಿರು, ಕೆಂಪು, ನೀಲಿ ಬಣ್ಣಗಳಿಗೆ ಯಾವ ಕಾಯಂ ಅರ್ಥವೂ ಇಲ್ಲ. ಬಣ್ಣ ನೋಡಿ ಬೆರೆಸಬೇಡಿ, ಒಳಗಿನ ರಾಸಾಯನಿಕ ಬೇರೆಯಾದರೆ ಕೆಲವು ಗಟ್ಟಿಯಾಗುತ್ತವೆ, ಕೆಲವು ಸತ್ವ ಕಳೆದುಕೊಳ್ಳುತ್ತವೆ. ಹಳೆ ಮಾದರಿಯ ಕೂಲೆಂಟ್ ಎರಡು ವರ್ಷಕ್ಕೆ, ಓಎಟಿ (ಸಾವಯವ ಆಮ್ಲದ) ಮಾದರಿಯದು ಐದು ವರ್ಷದವರೆಗೆ ಬಾಳುತ್ತದೆ. ಮುಂಚೆ ಏನು ಹಾಕಿತ್ತೋ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಗೆ ಪೂರ್ತಿ ತೊಳೆದು ಹೊಸದು ಹಾಕುವುದೇ ದಾರಿ. ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ರೇಡಿಯೇಟರ್ ಕೆಳಗಿನ ತಿರುಪು ಬಿಚ್ಚಿ ಇಳಿಸಿ. ಹೀಟರ್ ಇದ್ದರೆ ಬಿಸಿಯ ಕಡೆಗೆ ತಿರುಗಿಸಿಡಿ. ನೀರು ತುಂಬಿ ಫ್ಯಾನ್ ಬರುವ ತನಕ ಓಡಿಸಿ, ತಣಿಸಿ, ಇಳಿಸಿ. ಬಣ್ಣವಿಲ್ಲದ ನೀರು ಬರುವ ತನಕ ಇದನ್ನೇ ಮಾಡಿ. ಎಂಜಿನ್ ಒಳಗೆ ಸ್ವಲ್ಪ ನೀರು ಉಳಿದೇ ಇರುತ್ತದೆ, ಅದಕ್ಕೇ ಮೊದಲು ಗಟ್ಟಿ ಕೂಲೆಂಟ್ ಪೂರ್ತಿ ಹಾಕಿ, ಆಮೇಲೆ ಹಿಡಿಯುವಷ್ಟು ನೀರು. ಮುಚ್ಚಳ ತೆರೆದಿಟ್ಟೇ ಐಡಲಿಂಗ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆದು ಮೇಲಿನ ಹೋಸ್ ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಮಟ್ಟ ತುಂಬಿ ಮುಚ್ಚಿ. ಗಾಳಿ ಒಳಗೆ ಉಳಿದರೆ ಗೇಜ್ ಸರಿಯಾಗಿ ತೋರಿಸದೆ ಗಾಡಿ ಹೀಟ್ ಆಗುತ್ತದೆ.

ಥರ್ಮೋಸ್ಟಾಟ್ ಎಂದ ಕೂಡಲೇ ಹೇಳಬೇಕಾದ್ದು: ಹೀಟ್ ಆಗುವ ಗಾಡಿಗೆ ಅದನ್ನು ಕಿತ್ತೇ ಬಿಸಾಡುವ ಪರಿಪಾಠ ಇಲ್ಲಿ ಬಹಳ. ತೆಗೆದರೆ ಎಂಜಿನ್ ಹದದ ಬಿಸಿಗೆ ಬರುವುದೇ ಇಲ್ಲ. ಆಯಿಲ್‌ನ ನೀರು ಆರದೆ ಗಸಿ ಕಟ್ಟುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ನಿಜವಾದ ಕಾರಣ ರೇಡಿಯೇಟರ್ ಕಟ್ಟಿರುವುದು, ಫ್ಯಾನ್ ಸ್ವಿಚ್ ಕೆಟ್ಟಿರುವುದು ಅಥವಾ ಮುಚ್ಚಳದ ರಬ್ಬರ್ ಸತ್ತಿರುವುದು. ಮುಚ್ಚಳವೇ ಎಲ್ಲಕ್ಕಿಂತ ಅಗ್ಗ, ಮೊದಲು ಅದನ್ನೇ ಬದಲಿಸಿ.

ಗೇರ್ ಆಯಿಲ್ಲನ್ನು ಕೊಂಡ ದಿನದಿಂದ ಬದಲಿಸದ ಗಾಡಿಗಳೇ ಹೆಚ್ಚು. 800, ಆಲ್ಟೊ, ಜೆನ್‌ನಂಥ ಮುಂದಿನ ಚಕ್ರ ಎಳೆಯುವ ಗಾಡಿಗಳಿಗೆ ಬೇಕಾದ್ದು ಜಿಎಲ್-4 ಎಂಬ ಗುಣಮಟ್ಟದ ಗುರುತಿನ 75ಡಬ್ಲ್ಯು-90 ಅಥವಾ 80ಡಬ್ಲ್ಯು-90, ಸುಮಾರು ಎರಡು ಲೀಟರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮಾತ್ರ ಲಾರಿ, ಟ್ರ್ಯಾಕ್ಟರ್‌ಗೆ ಹೋಗುವ ಇಪಿ 90 ಮತ್ತು ಜಿಎಲ್-5. "ಜಿಎಲ್-5 ಮೇಲಿನ ನಂಬರು, ಇನ್ನೂ ಒಳ್ಳೆಯದು" ಎನ್ನುವ ಮಾತನ್ನು ನಂಬಬೇಡಿ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳನ್ನು ಅದು ಕೊರೆಯಬಲ್ಲದು. ಸಿಂಕ್ರೋ ಕೆಲಸ ಮಾಡಲು ಸ್ವಲ್ಪ ಹಿಡಿತ ಬೇಕು. ಆಯಿಲ್ ತೀರಾ ಜಾರಿದರೆ ಎರಡನೇ ಗೇರ್ ಕಿರ್ರೆನ್ನುತ್ತದೆ. ಓಮ್ನಿ ಬೇರೆ ಲೆಕ್ಕ: ಎಂಜಿನ್ ಸೀಟಿನ ಕೆಳಗೆ, ಎಳೆಯುವುದು ಹಿಂದಿನ ಚಕ್ರ. ಅದರ ಗೇರ್‌ಬಾಕ್ಸ್‌ಗೆ ಜಿಎಲ್-4, ಹಿಂದಿನ ಡಿಫರೆನ್ಷಿಯಲ್‌ಗೆ ಜಿಎಲ್-5 80ಡಬ್ಲ್ಯು-90. ಎರಡಕ್ಕೂ ಒಂದೇ ಡಬ್ಬಿಯಿಂದ ಹಾಕುವ ಮೆಕ್ಯಾನಿಕ್‌ಗೆ ಇದನ್ನು ಮೊದಲೇ ಹೇಳಿ. 90 ಎಂಬ ನಂಬರು ನೋಡಿ ಬಹಳ ದಪ್ಪ ಎಂದುಕೊಳ್ಳಬೇಡಿ, ಗೇರ್ ಆಯಿಲ್‌ನ ಅಳತೆಗೋಲೇ ಬೇರೆ. ಗೇರ್‌ನ 90, ಎಂಜಿನ್ ಆಯಿಲ್‌ನ 40, 50ಕ್ಕೆ ಹತ್ತಿರ.

ಬದಲಿಸುವಾಗ ಮೊದಲು ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಆಯಿಲ್ಲೆಲ್ಲ ಸುರಿದ ಮೇಲೆ ಫಿಲ್ಲರ್ ಬೋಲ್ಟ್ ತುಕ್ಕು ಹಿಡಿದು ಬಾರದೇ ಹೋದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಫಿಲ್ಲರ್ ತೂತಿನಿಂದ ಆಯಿಲ್ ಹೊರಗೆ ಜಿನುಗತೊಡಗಿದರೆ ಅದೇ ಸರಿಯಾದ ಮಟ್ಟ, ಆದರೆ ಗಾಡಿ ವಾಲಿರಬಾರದು. ಇಳಿಸಿದ ಆಯಿಲ್‌ನಲ್ಲಿ ನಯವಾದ ಬೂದು ಪೇಸ್ಟ್ ಇದ್ದರೆ ಸಹಜ ಸವೆತ, ಲೋಹದ ಚೂರು ಬಂದರೆ ಗೇರ್‌ಬಾಕ್ಸ್ ತೆರೆಸಬೇಕು. 40,000 ಕಿಲೋಮೀಟರ್‌ಗೊಮ್ಮೆ ಬದಲಿಸಿದರೆ ಸಾಕು.

ಬ್ರೇಕ್ ಆಯಿಲ್‌ಗೆ ಡಬ್ಬಿ ನೋಡುವ ಕೆಲಸ ಕಡಿಮೆ. ಸೀಲು ಹೊಸದಿರಲಿ, ಡಾಟ್ 3 ಅಥವಾ ಡಾಟ್ 4 ಎಂದಿರಲಿ, ಅರ್ಧ ಲೀಟರ್ ತನ್ನಿ. ಡಾಟ್ 3 ಹೊಸತರಲ್ಲಿ ಕನಿಷ್ಠ 205 ಡಿಗ್ರಿಗೆ ಕುದಿಯುತ್ತದೆ, ಡಾಟ್ 4 ಆದರೆ 230. ಅದು ಗಾಳಿಯ ತೇವ ಹೀರುತ್ತದೆ, ಹೀರಿದ ಮೇಲೆ ಈ ಮಿತಿಗಳು 140 ಮತ್ತು 155ಕ್ಕೆ ಇಳಿಯುತ್ತವೆ. ಊರೊಳಗೆ ಗೊತ್ತಾಗುವುದಿಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ, ಬ್ರೇಕ್ ಒತ್ತಿ ಒತ್ತಿ ಇಳಿಸಿದಾಗ, ಪೈಪಿನೊಳಗೆ ಆವಿ ಎದ್ದು ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಬಲಬದಿ ಸ್ಟಿಯರಿಂಗ್ ಗಾಡಿಯಲ್ಲಿ ಹಳೆಯದನ್ನು ಇಳಿಸುವುದನ್ನು ಎಡ ಹಿಂದಿನ ಚಕ್ರದಿಂದ ಶುರು ಮಾಡಿ, ಬಲ ಹಿಂದಿನದು, ಎಡ ಮುಂದಿನದು, ಬಲ ಮುಂದಿನದು. ಮೇಲಿನ ಬಾಟಲಿ ಖಾಲಿಯಾಗದಂತೆ ತುಂಬುತ್ತಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಎಲ್ಲ ಮೊದಲಿನಿಂದ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ಪೇಂಟ್ ಕಿತ್ತುಬರುತ್ತದೆ. ಎಂಜಿನ್ ಆಯಿಲ್, ಸ್ಟಿಯರಿಂಗ್ ಆಯಿಲ್ ತಪ್ಪಿ ಬ್ರೇಕ್ ಬಾಟಲಿಗೆ ಬಿದ್ದರೆ ರಬ್ಬರ್ ಎಲ್ಲ ಊದಿಕೊಂಡು ಬ್ರೇಕ್ ಹಿಡಿದುಕೊಳ್ಳುತ್ತದೆ. ಆಗ ಮಾಸ್ಟರ್ ಸಿಲಿಂಡರ್‌ನಿಂದ ಹಿಡಿದು ಎಲ್ಲ ರಬ್ಬರ್ ಬದಲಿಸಬೇಕು. ಮಟ್ಟ ನಿಧಾನವಾಗಿ ಇಳಿಯುತ್ತಿದ್ದರೆ ಸುಮ್ಮನೆ ತುಂಬಬೇಡಿ, ಬ್ರೇಕ್ ಪ್ಯಾಡ್ ಸವೆದಿರುವ ಸೂಚನೆ ಅದು.

800ಕ್ಕೆ ಪವರ್ ಸ್ಟಿಯರಿಂಗ್ ಆಯಿಲ್ ಇಲ್ಲ, ಕ್ಲಚ್ಚು ಕೇಬಲ್‌ನದು, ಅದಕ್ಕೂ ಆಯಿಲ್ ಬೇಡ. ಹೈಡ್ರಾಲಿಕ್ ಸ್ಟಿಯರಿಂಗ್ ಇರುವ ಗಾಡಿಗಳಿಗೆ ಬಾಟಲಿಯ ಮುಚ್ಚಳದ ಮೇಲೇ ಯಾವುದೆಂದು ಬರೆದಿರುತ್ತದೆ, ಅದನ್ನೇ ಹಾಕಿ.

ಕೊಳ್ಳುವಾಗ ಲೂಸ್ ಆಯಿಲ್ ಬೇಡ, ಬ್ಯಾರೆಲ್‌ನಲ್ಲಿ ಏನಿದೆ ಎಂದು ಯಾರೂ ಹೇಳಲಾರರು. ಮುಚ್ಚಳದ ಬಳೆ ಕಿತ್ತಿರಬಾರದು, ಒಳಗಿನ ಫಾಯಿಲ್ ಅಂಟಿರಬೇಕು, ಬ್ಯಾಚ್ ನಂಬರ್ ಮತ್ತು ತಯಾರಿಕೆಯ ತಿಂಗಳು ಅಳಿಸದಂತೆ ಅಚ್ಚಾಗಿರಬೇಕು. ಬಿಲ್ಲು ಕೇಳಿ. ಗ್ಯಾರೇಜಿನಲ್ಲಿ ಹಾಕಿಸಿದರೆ ಡಬ್ಬಿ ನಿಮ್ಮ ಮುಂದೆಯೇ ಒಡೆಸಿ, ಖಾಲಿ ಡಬ್ಬಿಗೆ ಅಲ್ಲೇ ತೂತು ಹಾಕಿಸಿ. ನಕಲಿ ಮಾಲು ತುಂಬುವವರಿಗೆ ಬೇಕಾದ್ದು ಇಂಥ ಒಳ್ಳೆಯ ಡಬ್ಬಿಗಳೇ. ಇಳಿಸಿದ ಹಳೆ ಆಯಿಲ್ಲನ್ನು ಚರಂಡಿಗಾಗಲಿ ತೋಟದ ಬದುವಿಗಾಗಲಿ ಸುರಿಯಬೇಡಿ, ಗ್ಯಾರೇಜಿನ ಹಳೆ ಆಯಿಲ್ ಬ್ಯಾರೆಲ್‌ಗೆ ಕೊಡಿ. ಕೂಲೆಂಟ್ ವಿಷ, ರುಚಿ ಸಿಹಿ. ಇಳಿಸಿದ ಬೋಗುಣಿಯನ್ನು ನಾಯಿ, ಕರು ನೆಕ್ಕುವ ಜಾಗದಲ್ಲಿ ಬಿಡಬೇಡಿ, ನೆಲಕ್ಕೆ ಚೆಲ್ಲಿದ್ದರೆ ಅವು ಬರುವ ಮುಂಚೆಯೇ ಮಣ್ಣು ಹಾಕಿ ಬಾಚಿ ತೆಗೆಯಿರಿ.